ಬೆನ್ನುಮೂಳೆಯ ಕನಿಷ್ಠ ಛೇದನ ಶಸ್ತ್ರಚಿಕಿತ್ಸೆ

ಬೆನ್ನುಮೂಳೆಯ ಕನಿಷ್ಠ ಛೇದನ ಶಸ್ತ್ರಚಿಕಿತ್ಸೆ ಎಂದರೆ ಚರ್ಮವನ್ನು ಸ್ವಲ್ಪವೇ ಕತ್ತರಿಸಿ, ಬೆನ್ನಿನ ಸ್ನಾಯುಗಳನ್ನು ಮೂಳೆಯಿಂದ ವ್ಯಾಪಕವಾಗಿ ಬೇರ್ಪಡಿಸದೆ, ಕಿರಿದಾದ ಮಾರ್ಗದ ಮೂಲಕ ಬೆನ್ನುಮೂಳೆಯನ್ನು ತಲುಪುವ ಶಸ್ತ್ರಚಿಕಿತ್ಸಾ ವಿಧಾನಗಳ ಸಮೂಹ. ತೆರೆದ ಶಸ್ತ್ರಚಿಕಿತ್ಸೆಯಂತೆಯೇ ಇದರ ಉದ್ದೇಶವೂ ನರದ ಮೇಲಿನ ಒತ್ತಡವನ್ನು ತೆಗೆಯುವುದು ಅಥವಾ ಅಸ್ಥಿರ ಕಶೇರುಗಳನ್ನು ಜೋಡಿಸುವುದು. ಬದಲಾಗುವುದು ಅಲ್ಲಿಗೆ ತಲುಪುವ ಮಾರ್ಗ ಮಾತ್ರ.

ಇತಿಹಾಸ

ಕಶೇರುಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದರಿಂದ ಕಾಲುನೋವು ಉಂಟಾಗುತ್ತದೆಂಬುದನ್ನು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ವಿವರಿಸಿದರು. 1975ರಲ್ಲಿ ಜಪಾನಿನ ಹಿಜಿಕಾಟ ಚರ್ಮದ ಮೂಲಕ ನಳಿಕೆ ತೂರಿಸಿ ಡಿಸ್ಕಿನ ಭಾಗವನ್ನು ತೆಗೆಯುವ ವಿಧಾನವನ್ನು ವರದಿ ಮಾಡಿದರು. 1977ರಲ್ಲಿ ಯಾಸರ್ಗಿಲ್ ಮತ್ತು ಕ್ಯಾಸ್ಪರ್ ಪ್ರತ್ಯೇಕವಾಗಿ ಸೂಕ್ಷ್ಮದರ್ಶಕದ ನೆರವಿನ ಡಿಸ್ಕ್ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಫೋಲಿ ಮತ್ತು ಸ್ಮಿತ್ 1997ರಲ್ಲಿ ಕೊಳವೆ ಹಾಗೂ ಎಂಡೋಸ್ಕೋಪ್ ಬಳಸುವ ವಿಧಾನವನ್ನು ಪರಿಚಯಿಸಿದರು.

ವಿಧಾನ

ಮೊದಲು ಸಪೂರವಾದ ತಂತಿಯನ್ನೂ ಅನಂತರ ಒಂದರ ಮೇಲೊಂದು ಹೆಚ್ಚು ದಪ್ಪದ ಕೊಳವೆಗಳನ್ನೂ ತೂರಿಸಿ ಸ್ನಾಯುವಿನ ಎಳೆಗಳನ್ನು ಸರಿಸಲಾಗುತ್ತದೆ. ಸುಮಾರು 2 ಸೆಂ.ಮೀ. ಅಗಲದ ಕೊನೆಯ ಕೊಳವೆಯ ಮೂಲಕ ಶಸ್ತ್ರಕ್ರಿಯೆ ನಡೆಯುತ್ತದೆ. ಸ್ನಾಯುಗಳಿಗೆ ಹಾನಿ ಕಡಿಮೆಯಾಗುವುದರಿಂದ ರಕ್ತಸ್ರಾವವೂ ಆರಂಭದ ದಿನಗಳ ನೋವೂ ಸಾಮಾನ್ಯವಾಗಿ ಕಡಿಮೆಯಿರುತ್ತವೆ. ಆದರೆ ಒಳಭಾಗ ನೇರವಾಗಿ ಕಾಣದ ಕಾರಣ ಕ್ಷ-ಕಿರಣ ಚಿತ್ರಗಳ ಮೇಲಿನ ಅವಲಂಬನೆ ಹೆಚ್ಚು. ಇದರಿಂದ ಶಸ್ತ್ರಚಿಕಿತ್ಸಕರು ಮತ್ತು ಸಿಬ್ಬಂದಿ ವಿಕಿರಣಕ್ಕೆ ಒಡ್ಡಿಕೊಳ್ಳುತ್ತಾರೆ.

ರೋಬಾಟ್ ನೆರವು

ಇಸ್ರೇಲಿನ ಮೇಜರ್ ಸಂಸ್ಥೆಯ ಸ್ಪೈನ್ಅಸಿಸ್ಟ್ ಎಂಬ ಸಾಧನಕ್ಕೆ 2004ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು. ಇಂತಹ ಸಾಧನಗಳು ತಾವಾಗಿಯೇ ಶಸ್ತ್ರಚಿಕಿತ್ಸೆ ನಡೆಸುವುದಿಲ್ಲ. ಸಿ.ಟಿ. ಸ್ಕ್ಯಾನ್ ಆಧಾರದ ಮೇಲೆ ವೈದ್ಯರು ಪ್ರತಿಯೊಂದು ಸ್ಕ್ರೂವಿನ ಸ್ಥಾನ ಮತ್ತು ಕೋನವನ್ನು ಮೊದಲೇ ನಿಗದಿಪಡಿಸುತ್ತಾರೆ. ರೋಬಾಟಿನ ತೋಳು ಆ ಕೋನದಲ್ಲಿ ಮಾರ್ಗದರ್ಶಕ ನಳಿಕೆಯನ್ನು ಹಿಡಿಯುತ್ತದೆ. ಸಾಮಾನ್ಯವಾಗಿ ರಂಧ್ರ ಕೊರೆದು ಸ್ಕ್ರೂ ಕೂರಿಸುವವರು ವೈದ್ಯರೇ.

ನಿಖರತೆಯ ಕುರಿತ ಅಧ್ಯಯನಗಳ ಫಲಿತಾಂಶ ಏಕರೂಪವಾಗಿಲ್ಲ. ಜರ್ಮನಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಯಾದೃಚ್ಛಿಕ ಪ್ರಯೋಗದಲ್ಲಿ ಕೈಯಿಂದ ಕೂರಿಸಿದ ಸ್ಕ್ರೂಗಳ ಪೈಕಿ ಶೇ. 93ರಷ್ಟು ಸರಿಯಾದ ಸ್ಥಾನದಲ್ಲಿದ್ದರೆ, ರೋಬಾಟ್ ನೆರವಿನ ಗುಂಪಿನಲ್ಲಿ ಆ ಪ್ರಮಾಣ ಶೇ. 85 ಆಗಿತ್ತು. ಮೂಳೆಯ ಇಳಿಜಾರಿನ ಮೇಲೆ ನಳಿಕೆ ಜಾರುವುದು ಇದಕ್ಕೆ ಸಂಭಾವ್ಯ ಕಾರಣವೆಂದು ಗುರುತಿಸಲಾಯಿತು. ಅನಂತರದ ಸಾಧನಗಳನ್ನು ಬಳಸಿದ ಹಲವು ಅಧ್ಯಯನಗಳು ಉತ್ತಮ ನಿಖರತೆಯನ್ನು ತೋರಿಸಿವೆ.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ನರಶಸ್ತ್ರಚಿಕಿತ್ಸೆಯ ಪ್ರಮುಖ ಸಾರ್ವಜನಿಕ ಸಂಸ್ಥೆಯಾಗಿದೆ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾಗಿ, ವಿಮ್ಸ್ ಎಂದು ಹೆಸರಾದ ಸರ್ಕಾರಿ ವೈದ್ಯಕೀಯ ಸಂಸ್ಥೆ ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಮೊದಲಾದ ಊರುಗಳಿಗೆ ಹತ್ತಿರದ ದೊಡ್ಡ ಸರ್ಕಾರಿ ಬೋಧನಾ ಆಸ್ಪತ್ರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಬಳ್ಳಾರಿ ಜಿಲ್ಲೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ಕುಡಿಯುವ ನೀರಿನಲ್ಲಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ದೀರ್ಘಕಾಲ ಹೆಚ್ಚು ಫ್ಲೋರೈಡ್ ಸೇವಿಸಿದಾಗ ಅಸ್ಥಿರಜ್ಜುಗಳು ಗಟ್ಟಿಯಾಗಿ, ಬೆನ್ನುಹುರಿಯ ನಾಳ ಕಿರಿದಾಗಿ, ಕಾಲುಗಳು ಬಿಗಿದು ಬಲಗುಂದಬಹುದು. ಇಂತಹ ಒತ್ತಡ ಹಲವು ಕಶೇರುಗಳ ಉದ್ದಕ್ಕೂ ಇರುವುದುಂಟು. ಆಗ ಕಿರಿದಾದ ಕೊಳವೆಯ ಮಾರ್ಗ ಸಾಲದೆ ತೆರೆದ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಶಸ್ತ್ರಚಿಕಿತ್ಸೆಯ ಬಳಿಕವೂ ಬಲ ಪೂರ್ಣವಾಗಿ ಮರಳದಿರುವುದರಿಂದ ಸುರಕ್ಷಿತ ನೀರಿನ ಪೂರೈಕೆಯೇ ಮುಖ್ಯ ಪರಿಹಾರ.

ಮಿತಿಗಳು

ಡಿಸ್ಕಿನಿಂದ ಬರುವ ಹೆಚ್ಚಿನ ಕಾಲುನೋವು ಔಷಧ ಮತ್ತು ವ್ಯಾಯಾಮಗಳಿಂದಲೇ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದರೆ ಮೂತ್ರ ಕಟ್ಟುವುದು, ಮಲವಿಸರ್ಜನೆಯ ಹಿಡಿತ ತಪ್ಪುವುದು, ಗುದದ ಸುತ್ತ ಸ್ಪರ್ಶಜ್ಞಾನ ಇಲ್ಲವಾಗುವುದು ಅಥವಾ ಕಾಲಿನ ಬಲ ಬೇಗನೆ ಕುಂದುವುದು ತುರ್ತುಸ್ಥಿತಿಯ ಲಕ್ಷಣಗಳು. ಆಗ ರೋಬಾಟ್ ಇರುವ ಆಸ್ಪತ್ರೆಯನ್ನು ಹುಡುಕುವುದಕ್ಕಿಂತ ಒತ್ತಡವನ್ನು ಬೇಗನೆ ತೆಗೆಸುವುದು ಮುಖ್ಯ. ತಡವಾದರೆ ನರಹಾನಿ ಶಾಶ್ವತವಾಗಬಹುದು.