ಶಾಂತಿಸೇನೆಯ ಹಾದಿ: ಹುಬ್ಬಳ್ಳಿಯಿಂದ ಚಂಬಲ್ ಕಣಿವೆಗೆ

ನಮ್ಮ ದೇಶದಲ್ಲಿ ನಡೆದ ದೊಡ್ಡ ದೊಂಬಿಗಳಲ್ಲಿ ಅನೇಕಕ್ಕೆ ವಿಚಾರಣಾ ಆಯೋಗದ ವರದಿಗಳುಂಟು. 1969ರ ಅಹಮದಾಬಾದಿಗೆ ಜಗನ್‌ಮೋಹನ ರೆಡ್ಡಿ ಆಯೋಗದ್ದು, 1970ರ ಭಿವಂಡಿಗೆ ಮಾದನ್ ಆಯೋಗದ್ದು. ಅವುಗಳಲ್ಲಿ ಸತ್ತವರ ಗಣನೆ, ಸುಟ್ಟ ಮನೆಗಳ ಪಟ್ಟಿ, ಸಾಕ್ಷಿಗಳ ಹೇಳಿಕೆ ಎಲ್ಲವೂ ಕ್ರಮವಾಗಿ ದಾಖಲಾಗಿವೆ. ಆದರೆ ಅದೇ ದಿನಗಳಲ್ಲಿ ಅದೇ ಬೀದಿಗಳಲ್ಲಿ ಓಡಾಡಿ, ವದಂತಿಯ ಮೂಲವನ್ನು ಹುಡುಕಿ ಅದು ಸುಳ್ಳೆಂದು ಮನೆಮನೆಗೂ ತಿಳಿಸಿ, ಬೂದಿಯಾದ ಅಂಗಡಿಗಳನ್ನು ಗುಡಿಸಿ, ಓಡಿಹೋದವರನ್ನು ಹಿಂದಿನ ನೆರೆಹೊರೆಗೆ ಮರಳಿ ಕರೆತರಲು ಹೆಣಗಿದ ತರುಣ ತರುಣಿಯರ ಚರಿತ್ರೆಯು ಅಲ್ಲೊಂದು ಇಲ್ಲೊಂದು ಸ್ಮರಣಗ್ರಂಥದಲ್ಲಿ, ಮುಪ್ಪಾದ ಕಾರ್ಯಕರ್ತರ ನೆನಪಿನಲ್ಲಿ ಚದುರಿಹೋಗಿದೆ. ಆ ಪರಂಪರೆಯು ಹುಟ್ಟಿ ಬೆಳೆದು, ಒಡೆದು, ಬೇರೆ ರೂಪಗಳಲ್ಲಿ ಮತ್ತೆ ತಲೆಯೆತ್ತಿದ ಬಗೆಯನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ಈ ಚರಿತ್ರೆಯುದ್ದಕ್ಕೂ ಒಂದೇ ಸಂಗತಿಯು ನನಗೆ ಎದ್ದು ಕಾಣುತ್ತದೆ: ದೊಂಬಿಯ ದಿನ ಯಾರ ಮಾತು ನಡೆಯಿತೆಂದರೆ, ದೊಂಬಿಯಿಲ್ಲದ ದಿನಗಳಲ್ಲಿ ಆ ಕೇರಿಯ ಸುಖದುಃಖಗಳಲ್ಲಿ ಭಾಗಿಗಳಾಗಿದ್ದವರ ಮಾತು.

ಈ ಪರಂಪರೆಯ ಒಂದು ಬೇರು ಕನ್ನಡನಾಡಿನಲ್ಲಿಯೇ ಇದೆಯೆಂಬುದನ್ನು ನಾವು ಮರೆತಂತಿದೆ. ಅಮೆರಿಕದಲ್ಲಿ ವ್ಯಾಸಂಗಮಾಡಿ ಬಂದಿದ್ದ ವೈದ್ಯ ನಾರಾಯಣ ಸುಬ್ಬರಾವ್ ಹರ್ಡೀಕರರು ಹುಬ್ಬಳ್ಳಿಯಲ್ಲಿ ಕಟ್ಟಿದ ಸೇವಾಮಂಡಲದ ಯುವಕರು 1923ರ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದರು. ಅಲ್ಲಿನ ಕಷ್ಟವನ್ನು ತಾಳಲಾರದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗಲೂ ಹುಬ್ಬಳ್ಳಿಯವರು ಕದಲಲಿಲ್ಲ. ಈ ಸ್ಥೈರ್ಯವು ಶಿಕ್ಷಣದಿಂದ ಬಂದುದೆಂದು ಮನಗಂಡ ಹಿರಿಯರು ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನೀ ಸೇವಾದಳವನ್ನು ಸ್ಥಾಪಿಸಿದರು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನ ನೆರೆದಾಗ ಸ್ವಯಂಸೇವಕರ ಭಾರವನ್ನು ಹೊತ್ತದ್ದು ಈ ದಳವೇ. ಅದರ ಸ್ತ್ರೀವಿಭಾಗವನ್ನು ಉಮಾಬಾಯಿ ಕುಂದಾಪುರ ಅವರು ನಡೆಸಿದರು. ಸೇವಾದಳವು ಶಾಂತಿಸೇನೆಯಾಗಿರಲಿಲ್ಲ ನಿಜ. ಕವಾಯತು, ಸಮವಸ್ತ್ರ, ಶಿಸ್ತು ಅದರ ಮುಖ್ಯಾಂಶಗಳಾಗಿದ್ದುವು. ಆದರೂ ನೂರಾರು ತರುಣರು ಜಾತಿಭೇದವೆಣಿಸದೆ ಒಂದು ಶಿಬಿರದಲ್ಲಿ ವಾಸಮಾಡಿ, ಆಯುಧವಿಲ್ಲದೆ ಜನಸಂದಣಿಯ ನಡುವೆ ಸಮಾಧಾನದಿಂದ ನಿಲ್ಲುವುದನ್ನು ಅಭ್ಯಾಸಮಾಡಿದರು.

ಅದೇ ಕಾಲದಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಪೀಳಿಗೆಗಳವರೆಗೆ ಸಾಗಿಬರುವ ಹಗೆ ಮತ್ತು ಪ್ರತೀಕಾರಗಳೇ ಮರ್ಯಾದೆಯೆನಿಸಿದ್ದ ವಾಯವ್ಯ ಗಡಿಪ್ರಾಂತದಲ್ಲಿ, ಖಾನ್ ಅಬ್ದುಲ್ ಗಫಾರ್ ಖಾನರು ಮೊದಲು ಶಾಲೆಗಳನ್ನೂ ಆಮೇಲೆ ಯುವಕರ ಸಂಘವನ್ನೂ ಕಟ್ಟಿ, 1929ರಲ್ಲಿ ಖುದಾಯಿ ಖಿದ್ಮತ್‌ಗಾರರೆಂಬ ಅಹಿಂಸಾಸೈನ್ಯವನ್ನು ನಿರ್ಮಿಸಿದರು. ಹಗೆಯನ್ನು ಬಿಡುತ್ತೇನೆಂದು, ಕೈಯೆತ್ತುವುದಿಲ್ಲವೆಂದು ಪ್ರತಿಜ್ಞೆಮಾಡಿದ ಕೆಂಪಂಗಿಯ ಪಠಾಣರು ಹಳ್ಳಿಗಳಲ್ಲಿ ಗುಡಿಸಿದರು, ನೂತರು, ಪಾಠ ಹೇಳಿದರು. 1930ರ ಏಪ್ರಿಲ್ 23ರಂದು ಪೇಷಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ಸೈನಿಕರು ಗುಂಡು ಹಾರಿಸಿದಾಗ ನಿರಾಯುಧರಾದ ಆ ಜನ ತೋರಿದ ಧೈರ್ಯ ಲೋಕವಿಖ್ಯಾತವಾಯಿತು. ಅದರ ಹಿಂದೆ ಸುಮಾರು ಹತ್ತು ವರ್ಷಗಳ ಶಾಲೆಯ ಕೆಲಸವಿದ್ದಿತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ.

1938ರ ಜೂನ್ ತಿಂಗಳಲ್ಲಿ ಗಾಂಧೀಜಿಯವರು ‘ಹರಿಜನ’ ಪತ್ರಿಕೆಯಲ್ಲಿ ಶಾಂತಿದಳದ ಸದಸ್ಯನ ಅರ್ಹತೆಗಳನ್ನು ಕುರಿತು ಬರೆದ ಲೇಖನವು ಈ ಕ್ಷೇತ್ರಕ್ಕೆ ಸೂತ್ರಗ್ರಂಥದಂತಿದೆ. ಸರ್ವಧರ್ಮಗಳಲ್ಲಿ ಸಮಾನ ಗೌರವ, ಪಕ್ಷಪಾತವಿಲ್ಲದ ನಡತೆ ಮೊದಲಾದವು ಅದರಲ್ಲಿ ಇರಬೇಕಾದುವೇ. ಆದರೆ ನನಗೆ ಅತ್ಯಂತ ಮಹತ್ತ್ವದ್ದೆಂದು ತೋರುವ ಅಂಶ ಬೇರೆಯೇ ಇದೆ: ಶಾಂತಿಯ ದೂತನಾದವನು ತನ್ನ ನೆರೆಯ ಜನರೊಡನೆ ಸೇವೆಯ ಮೂಲಕ ಮೊದಲೇ ಪರಿಚಯ ಬೆಳೆಸಿಕೊಂಡಿರಬೇಕು, ಉದ್ರಿಕ್ತರಾದ ಜನರ ನಡುವೆ ಅಪರಿಚಿತನಂತೆ ಇಳಿಯಕೂಡದು, ಕಲಹದ ಮುನ್ಸೂಚನೆ ದೊರೆತೊಡನೆಯೇ ಕಾರ್ಯಕ್ಕೆ ತೊಡಗಬೇಕು ಎಂದು ಅವರು ವಿಧಿಸಿದರು. ಇದಕ್ಕಾಗಿ ಎಲ್ಲರೂ ಪೂರ್ಣಾವಧಿಯ ಸೇವಕರಾಗಬೇಕಿಲ್ಲ, ತಂತಮ್ಮ ವೃತ್ತಿಯಲ್ಲಿದ್ದು ಬಿಡುವು ಮಾಡಿಕೊಳ್ಳಬಲ್ಲವರೇ ಸಾಕೆಂಬ ಅವರ ಮಾತಿಗೆ ಮುಂದೆ ಮತ್ತೊಮ್ಮೆ ಬರಬೇಕಾಗುತ್ತದೆ.

ಈ ಬರಹದ ಪರೀಕ್ಷೆಯು ರಕ್ತದಲ್ಲಿ ನಡೆಯಿತು. 1946ರ ಜುಲೈ 1ರಂದು, ರಥಯಾತ್ರೆಯ ದಿನ, ಅಹಮದಾಬಾದಿನಲ್ಲಿ ಹಿಂದೂ ಮುಸ್ಲಿಮರ ನಡುವೆ ಕಲಹ ಹತ್ತಿಕೊಂಡಾಗ ಸೇವಾದಳದ ಒಡನಾಡಿಗಳಾದ ವಸಂತರಾವ್ ಹೆಗಿಷ್ಟೆ ಮತ್ತು ಇನ್ನೂ ಮೂವತ್ತು ತುಂಬದ ರಜಬ್ ಅಲಿ ಲಾಖಾನಿ ಒಟ್ಟಾಗಿ ಗುಂಪಿನೆದುರು ಹೋಗಿ ನಿಂತರು. ಇಬ್ಬರೂ ಒಟ್ಟಾಗಿಯೇ ಹತರಾದರು. ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಕಲಕತ್ತೆಯಲ್ಲಿ ಶಾಂತಿಯಾತ್ರೆಗೆ ಹೊರಟ ಶಚೀನ್ ಮಿತ್ರರೂ ಸ್ಮೃತೀಶ್ ಬ್ಯಾನರ್ಜಿಯವರೂ ಇದೇ ಬಗೆಯ ಮರಣವನ್ನು ಹೊಂದಿದರು. ಇಂಥವರ ಬಲಿದಾನವು ಗುಂಪಿನ ಕೈಯನ್ನು ಆ ಕ್ಷಣಕ್ಕೆ ತಡೆಯಲಾಗಲಿಲ್ಲ. ಆದರೆ ವಸಂತ–ರಜಬ್ ಎಂಬ ಎರಡು ಹೆಸರುಗಳನ್ನು ಅಹಮದಾಬಾದು ಇಂದಿಗೂ ಜೋಡಿಯಾಗಿಯೇ ಉಚ್ಚರಿಸುತ್ತದೆ. ಶಾಂತಿಸೇನೆಯ ವಿಷಯವನ್ನೂ ಒಳಗೊಂಡು ರಚನಾತ್ಮಕ ಕಾರ್ಯಕರ್ತರ ಸಭೆಯೊಂದನ್ನು 1948ರ ಫೆಬ್ರವರಿಯಲ್ಲಿ ಸೇವಾಗ್ರಾಮದಲ್ಲಿ ನಡೆಸಬೇಕೆಂದು ಗಾಂಧೀಜಿ ಸಂಕಲ್ಪಿಸಿದ್ದರು. ಜನವರಿ 30ರ ಸಂಜೆ ಆ ಸಂಕಲ್ಪವನ್ನು ಕಡಿದುಹಾಕಿತು.

ಕಡಿದ ಎಳೆಯನ್ನು ವಿನೋಬಾ ಅವರು 1957ರ ಆಗಸ್ಟ್ 23ರಂದು ಮಂಜೇಶ್ವರದಲ್ಲಿ ಮತ್ತೆ ಹಿಡಿದರು. ಕೇರಳದ ಪದಯಾತ್ರೆಯನ್ನು ಮುಗಿಸಿ ಕರ್ನಾಟಕವನ್ನು ಪ್ರವೇಶಿಸುವ ಮುನ್ನ ಅವರು ತಂಗಿದ ಆ ಊರು ಕವಿ ಗೋವಿಂದ ಪೈಗಳ ಊರು. ರಾಜ್ಯಗಳ ಪುನರ್ವಿಂಗಡಣೆಯ ನೋವು ಇನ್ನೂ ಹಸಿಯಾಗಿದ್ದ ಗಡಿಯ ಊರು. ಅಂಥ ಎಡೆಯಲ್ಲಿ ಕೆ. ಕೇಳಪ್ಪನವರ ನಾಯಕತ್ವದಲ್ಲಿ ಕೆಲವೇ ಮಂದಿ ಶಾಂತಿಸೈನಿಕರಾಗಿ ದೀಕ್ಷೆ ತೊಟ್ಟರು. ಐದು ಸಾವಿರ ಜನಕ್ಕೆ ಒಬ್ಬ ಸೈನಿಕನಂತೆ ದೇಶಕ್ಕೆ ಎಪ್ಪತ್ತು ಸಾವಿರ ಮಂದಿ ಬೇಕೆಂಬುದು ವಿನೋಬಾರ ಲೆಕ್ಕ. ಈ ಸೈನಿಕರು ಶಾಂತಿಯ ಕಾಲದಲ್ಲಿ ಗ್ರಾಮಸೇವೆ ಮಾಡಬೇಕು, ಅಶಾಂತಿಯ ಕಾಲದಲ್ಲಿ ಪ್ರಾಣದಾನಕ್ಕೆ ಸಿದ್ಧರಾಗಿರಬೇಕು ಎಂಬುದು ನಿಯಮ. ಇವರ ಪೋಷಣೆಗಾಗಿ ಅವರು ಹೂಡಿದ ಉಪಾಯವೇ ಸರ್ವೋದಯ ಪಾತ್ರೆ. ಮನೆಯ ಮೂಲೆಯಲ್ಲೊಂದು ಮಡಕೆ; ಪ್ರತಿದಿನ ಅದಕ್ಕೆ ಒಂದು ಹಿಡಿ ಧಾನ್ಯ; ಆ ಹಿಡಿಯು ತಾಯಿಯದೂ ಅಲ್ಲ, ತಂದೆಯದೂ ಅಲ್ಲ, ಮನೆಯ ಮಗುವಿನದು. ಮಗುವಿನ ಹಿಡಿಯಾದುದರಿಂದ ಬಡವನಿಗೂ ಅದು ಭಾರವಾಗದು. ಶಾಂತಿಗಾಗಿ ತನ್ನ ಮನೆಯಿಂದಲೂ ಒಂದು ಪಾಲು ಸಲ್ಲುತ್ತಿದೆಯೆಂಬ ಅರಿವು ಎಳವೆಯಲ್ಲಿಯೇ ಮೂಡುವುದು. ಈ ಕಲ್ಪನೆಯ ಸೌಂದರ್ಯವನ್ನು ನಾನು ಎಷ್ಟು ಹೊಗಳಿದರೂ ಸಾಲದು. ಆದರೆ ಮನೆಮನೆಯಿಂದ ಆ ಧಾನ್ಯವನ್ನು ವಾರವಾರವೂ ಕೂಡಿಹಾಕುವ ಕೈಗಳು ಸಾಲದೆ ಬಹುತೇಕ ಕಡೆಗಳಲ್ಲಿ ಮಡಕೆಗಳು ಬರಿದಾದುವು. ಸೈನಿಕರ ಸಂಖ್ಯೆಯೂ ಎಪ್ಪತ್ತು ಸಾವಿರದ ಹತ್ತಿರಕ್ಕೆ ಎಂದೂ ಬರಲಿಲ್ಲ.

ಬಂದಷ್ಟು ಜನ ಮಾಡಿದ ಕೆಲಸ ಅಲ್ಪವಲ್ಲ. ಮಹಾದೇವ ದೇಸಾಯಿಯವರ ಪುತ್ರ ನಾರಾಯಣ ದೇಸಾಯಿಯವರು ಶಾಂತಿಸೇನಾ ಮಂಡಲದ ಕಾರ್ಯದರ್ಶಿಗಳಾದ ಮೇಲೆ ಈ ಕೆಲಸಕ್ಕೆ ಒಂದು ವಿಧಾನವೇ ರೂಪುಗೊಂಡಿತು. ವದಂತಿಯೊಂದು ಕಿವಿಗೆ ಬಿದ್ದೊಡನೆ ಅದರಲ್ಲಿ ಹೇಳಿದ ಸ್ಥಳಕ್ಕೇ ಹೋಗಿ ಕಣ್ಣಾರೆ ಕಂಡು ಬರುವುದು, ಎರಡೂ ಕೇರಿಗಳ ಮುಖಂಡರನ್ನು ಪ್ರತ್ಯೇಕವಾಗಿ ಕಂಡು ಆಮೇಲೆ ಒಂದೆಡೆ ಕೂಡಿಸುವುದು, ಕರ್ಫ್ಯೂ ಸಡಿಲಿದಾಗ ಮೌನ ಮೆರವಣಿಗೆ ಹೊರಡುವುದು, ಸುಟ್ಟ ಮನೆಗಳ ಅವಶೇಷವನ್ನು ತಾವೇ ಹೊತ್ತುಹಾಕುವುದು. 1969ರ ಅಹಮದಾಬಾದಿನಲ್ಲಿ ಇವರು ತಿಂಗಳುಗಟ್ಟಲೆ ನಿಂತು ಕೆಲಸಮಾಡಿದರು. ಗಾಂಧೀ ಜನ್ಮಶತಾಬ್ದಿಗೆಂದು ಭಾರತಕ್ಕೆ ಬಂದಿದ್ದ ವೃದ್ಧ ಗಫಾರ್ ಖಾನರು ಆ ಗಾಯಗೊಂಡ ನಗರಕ್ಕೂ ಹೋದರು. ಕಾಲೇಜು ತರುಣರಿಗಾಗಿ ತರುಣ ಶಾಂತಿಸೇನೆಯೆಂಬ ಶಾಖೆಯೂ ಹುಟ್ಟಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರಗಳಲ್ಲಿ ನೈರ್ಮಲ್ಯದ ಕೆಲಸಕ್ಕೆ ಶಾಂತಿಸೈನಿಕರು ಕೈಹಚ್ಚಿದರು.

ಇಷ್ಟಾಗಿಯೂ ಸೇನೆ ಉಳಿಯಲಿಲ್ಲ. 1974ರ ಬಿಹಾರ ಚಳವಳಿಯು ಸರ್ವೋದಯ ಪರಿವಾರವನ್ನು ಎರಡಾಗಿ ಸೀಳಿತು. ಪಕ್ಷಾತೀತನಾಗಿರಬೇಕಾದ ಶಾಂತಿಸೈನಿಕನು ಅನ್ಯಾಯವನ್ನು ಕಂಡಾಗ ಸಂಘರ್ಷಕ್ಕೆ ಇಳಿಯಬಹುದೇ ಎಂಬ ಪ್ರಶ್ನೆಯಲ್ಲಿ ವಿನೋಬಾ ಒಂದು ದಡದಲ್ಲಿಯೂ ಜಯಪ್ರಕಾಶ ನಾರಾಯಣರು ಇನ್ನೊಂದು ದಡದಲ್ಲಿಯೂ ನಿಂತರು. 1975ರ ಆರಂಭದಲ್ಲಿ ಜಯಪ್ರಕಾಶರು ಸ್ಥಾಪಿಸಿದ ಛಾತ್ರ ಯುವ ಸಂಘರ್ಷ ವಾಹಿನಿಯಲ್ಲಿ ಮೂವತ್ತರ ಒಳಗಿನವರಿಗೆ ಮಾತ್ರ ಪ್ರವೇಶ. ಎಂಥ ಆಕ್ರಮಣವಾದರೂ ತಾವು ಕೈಯೆತ್ತುವುದಿಲ್ಲವೆಂಬುದು ಅವರ ಘೋಷಣೆ. ಈ ತರುಣರು ಮುಂದೆ ಬೋಧಗಯೆಯ ಮಠದ ಜಮೀನುಗಳಲ್ಲಿ ದುಡಿಯುತ್ತಿದ್ದ ಭೂಹೀನರೊಡನೆ ನಿಂತು ನಡೆಸಿದ ಹೋರಾಟದಿಂದ ಭೂಮಿಯು ಬಡವರಿಗೆ ದಕ್ಕಿತು, ಕೆಲವೆಡೆ ಹೆಂಗಸರ ಹೆಸರಿಗೇ ದಕ್ಕಿತು. ಹಿಂಸೆಯನ್ನು ಕಡಮೆಮಾಡುವುದೆಂದರೆ ಕೇವಲ ಕಲಹವನ್ನು ಶಮನಗೊಳಿಸುವುದಲ್ಲ, ಕಲಹದ ಬೇರಾದ ದೈನ್ಯವನ್ನು ಕೀಳುವುದೂ ಅದರ ಭಾಗವೇ ಎಂದು ಇವರು ತೋರಿಸಿಕೊಟ್ಟರು. ವಿನೋಬಾರ ನಿಲುವಿನ ಬಗ್ಗೆ ಅಪಾರ ಗೌರವವನ್ನಿಟ್ಟುಕೊಂಡೂ, ಈ ವಿವಾದದಲ್ಲಿ ನನ್ನ ಮನಸ್ಸು ವಾಹಿನಿಯ ಕಡೆಗೇ ಒಲಿಯುತ್ತದೆ.

ಕಲಹದ ಶಮನ, ದೈನ್ಯದ ನಿವಾರಣೆ ಇವೆರಡನ್ನೂ ಒಂದೇ ಬಾಳಿನಲ್ಲಿ ಹೊಂದಿಸಿದವರು ನಮ್ಮ ಬೆಂಗಳೂರಿನವರೇ ಆದ ಎಸ್. ಎನ್. ಸುಬ್ಬರಾವ್. 1929ರಲ್ಲಿ ಹುಟ್ಟಿದ ಇವರು 1942ರಲ್ಲಿ, ಹದಿಮೂರರ ಹುಡುಗನಾಗಿದ್ದಾಗ, ಗೋಡೆಯ ಮೇಲೆ ‘ಕ್ವಿಟ್ ಇಂಡಿಯಾ’ ಎಂದು ಬರೆದು ಬಂಧಿತರಾದರು. ಮುಂದೆ ಹರ್ಡೀಕರರ ಸೇವಾದಳದಲ್ಲಿ ಪಳಗಿದರು. ಹೀಗೆ ಹುಬ್ಬಳ್ಳಿಯ ಶಿಬಿರವಿದ್ಯೆಯು ಅವರ ಮೂಲಕ ಮಧ್ಯಪ್ರದೇಶದ ಚಂಬಲ್ ಕಣಿವೆಯನ್ನು ಸೇರಿತು. ನೀರು ಕೊರೆದ ಕೊರಕಲುಗಳ ಆ ಸೀಮೆಯಲ್ಲಿ ಭೂಮಿಯ ವ್ಯಾಜ್ಯ, ಕುಲದ ಹಗೆ, ಪೊಲೀಸರ ಭಯ ಇವುಗಳಿಂದ ಬಂದೂಕು ಹಿಡಿದು ‘ಬಾಗಿ’ಗಳಾದವರ ಗುಂಪುಗಳು ಬಹುಕಾಲದಿಂದ ಇದ್ದುವು. 1960ರಲ್ಲಿ ವಿನೋಬಾರೆದುರು ಇಪ್ಪತ್ತರಷ್ಟು ಮಂದಿ ಶರಣಾಗಿದ್ದರು. ಆದರೆ ಅದರ ಫಲವನ್ನು ನೆಲದಲ್ಲಿ ಊರಿಸುವ ಕೆಲಸ ಉಳಿದಿತ್ತು. ಸುಬ್ಬರಾಯರು ಮುರೈನಾ ಜಿಲ್ಲೆಯ ಜೌರಾದಲ್ಲಿ 1970ರಲ್ಲಿ ಗಾಂಧೀ ಸೇವಾಶ್ರಮವನ್ನು ಸ್ಥಾಪಿಸಿದರು. ದೇಶದ ನಾನಾ ಭಾಗಗಳಿಂದ ಯುವಕರು ಬಂದು ರಸ್ತೆ ಕಡಿದರು, ಒಡ್ಡು ಹಾಕಿದರು. 1972ರ ಏಪ್ರಿಲಿನಲ್ಲಿ ಮಾಧೋಸಿಂಗ್, ಮೋಹರ್‌ಸಿಂಗ್ ಮೊದಲಾದವರು ಗಾಂಧೀಜಿಯ ಚಿತ್ರದ ಮುಂದೆ, ಜಯಪ್ರಕಾಶರ ಸಮಕ್ಷಮದಲ್ಲಿ ಆಯುಧಗಳನ್ನು ಇಟ್ಟದ್ದು ಈ ನೆಲದಲ್ಲಿಯೇ. ಶರಣಾದವರ ಸಂಖ್ಯೆ ಕ್ರಮೇಣ ನೂರಾರಕ್ಕೆ ಏರಿತು. ಅದಕ್ಕಿಂತ ಕಠಿನವಾದ ಕಾರ್ಯ ಆಮೇಲೆ ಆರಂಭವಾಯಿತು. ಕೊಂದವನ ಮಕ್ಕಳೂ ಸತ್ತವನ ಮಕ್ಕಳೂ ಅದೇ ಹಳ್ಳಿಗಳಲ್ಲಿ ಬಾಳಬೇಕಾಗಿತ್ತು.

ಖಾಕಿ ಚಡ್ಡಿ, ಅರೆತೋಳಿನ ಖಾದಿ ಅಂಗಿ ತೊಟ್ಟು, ಎಲ್ಲರಿಗೂ ‘ಭಾಯೀಜಿ’ಯಾಗಿ ಅವರು ನಡೆಸುತ್ತಿದ್ದ ಶಿಬಿರಗಳ ದಿನಚರಿಯನ್ನು ಹೇಳಬೇಕು. ಬೆಳಗಾಗುವ ಮುನ್ನ ಎದ್ದು ಹಾಡು, ವ್ಯಾಯಾಮ. ಒಂದು ಗಂಟೆ ದೇಹಕ್ಕಾದರೆ ಒಂದು ಗಂಟೆ ದೇಶಕ್ಕೆ ಎಂಬಂತೆ ಗುದ್ದಲಿ ಬುಟ್ಟಿಗಳೊಡನೆ ಶ್ರಮದಾನ. ಸಂಜೆ ಸರ್ವಧರ್ಮ ಪ್ರಾರ್ಥನೆ. ದೇಶದ ಭಾಷೆಗಳನ್ನೆಲ್ಲ ಒಂದೊಂದಾಗಿ ಹಾಡಿಸುವ ‘ಭಾರತ ಕೀ ಸಂತಾನ್’ ಎಂಬ ಕಾರ್ಯಕ್ರಮ. ಅಸ್ಸಾಮಿನ ಹುಡುಗಿ ಕನ್ನಡದ ಸಾಲನ್ನು ಬಾಯಿಪಾಠ ಮಾಡುವುದು, ಧಾರವಾಡದ ಹುಡುಗ ಪಂಜಾಬಿಯ ಕುಣಿತ ಕಲಿಯುವುದು ಅಲ್ಲಿ ದಿನನಿತ್ಯದ ಸಂಗತಿ. ಹಾಡಿ ಕುಣಿದು ಮಣ್ಣು ಹೊತ್ತರೆ ಹಿಂಸೆ ನಿಲ್ಲುವುದೇ ಎಂದು ಶಂಕಿಸುವವರಿಗೆ ಜೌರಾದ ಕಣಿವೆಯನ್ನು ತೋರಿಸಬಹುದು. 1993ರಲ್ಲಿ, ಅಯೋಧ್ಯೆಯ ಘಟನೆಯಿಂದ ದೇಶ ಕಲಕಿಹೋಗಿದ್ದಾಗ, ಸುಬ್ಬರಾಯರು ಯುವಕರೊಡನೆ ಸದ್ಭಾವನಾ ರೈಲುಯಾತ್ರೆ ಹೊರಟರು. ನಿಲ್ದಾಣಗಳಲ್ಲಿ ಇಳಿದು ಸೈಕಲ್ಲುಗಳ ಮೇಲೆ ಊರನ್ನು ಸುತ್ತಿ ಸಾಮರಸ್ಯವನ್ನು ಸಾರಿದರು. 2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ಕಾಲವಾದ ಅವರ ಅಂತ್ಯಕ್ರಿಯೆ ನಡೆದದ್ದು ಜೌರಾದಲ್ಲಿ.

ಈ ವಿದ್ಯೆಯು ಹೊರನಾಡುಗಳಿಗೂ ಹಬ್ಬಿತು. 1981ರಲ್ಲಿ ಕೆನಡಾದಲ್ಲಿ ಹುಟ್ಟಿದ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯ ಸ್ಥಾಪಕರಲ್ಲಿ ನಾರಾಯಣ ದೇಸಾಯಿಯವರೂ ಒಬ್ಬರು. ಸಿಂಹಳದಲ್ಲಿ ಅರಿಯರತ್ನರ ಸರ್ವೋದಯ ಶ್ರಮದಾನ ಚಳವಳಿಯು ಯುವಕರ ಶಾಂತಿಸೇನೆಯನ್ನು ಕಟ್ಟಿತು. ನಮ್ಮ ಪರಂಪರೆಯ ಸಂಬಂಧವಿಲ್ಲದೆಯೇ, ಸಾಂಕ್ರಾಮಿಕ ರೋಗಗಳನ್ನು ತಡೆಯುವುದರಲ್ಲಿ ಅನುಭವಿಯಾಗಿದ್ದ ವೈದ್ಯ ಗ್ಯಾರಿ ಸ್ಲಟ್‌ಕಿನ್ 2000ದ ಸುಮಾರಿನಲ್ಲಿ ಶಿಕಾಗೋ ನಗರದ ಬಂದೂಕಿನ ಹಿಂಸೆಗೆ ಪರಿಹಾರ ಹುಡುಕಿದಾಗ ತಲಪಿದ್ದೂ ಇದೇ ಎಡೆಗೆ: ಆ ಕೇರಿಯಲ್ಲಿಯೇ ಬೆಳೆದು, ಅದರ ಗುಂಪುಗಾರಿಕೆಯನ್ನು ಒಳಗಿನಿಂದ ಬಲ್ಲವರನ್ನೇ ಮಧ್ಯಸ್ಥರನ್ನಾಗಿ ಕಳುಹಿಸಬೇಕು. ಅಲ್ಲಿ ಮಾತ್ರ ಅವರಿಗೆ ಸಂಬಳವುಂಟು.

ನಮ್ಮಲ್ಲಿ ಇತ್ತೀಚಿನ ದಶಕಗಳಲ್ಲಿ ಕೆಲಸವು ಚಿಕ್ಕಚಿಕ್ಕ ಘಟಕಗಳಾಗಿ ಹಂಚಿಹೋಗಿದೆ. 1988ರಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆಯವರು ಭಿವಂಡಿಯ ಕೇರಿಕೇರಿಯಲ್ಲಿ ಕಟ್ಟಿದ ಮೊಹಲ್ಲಾ ಸಮಿತಿಗಳಿಂದಾಗಿ, ಎರಡು ಭೀಕರ ಗಲಭೆಗಳನ್ನು ಕಂಡಿದ್ದ ಆ ಊರು 1992–93ರಲ್ಲಿ ಪಕ್ಕದ ಮುಂಬಯಿ ಉರಿಯುತ್ತಿದ್ದಾಗಲೂ ಶಾಂತವಾಗಿದ್ದಿತು. ಅನಂತರ ಮುಂಬಯಿಯಲ್ಲೂ ಅಂಥ ಸಮಿತಿಗಳು ಹುಟ್ಟಿ, ಕೇರಿಯ ಹುಡುಗರನ್ನೂ ಪೊಲೀಸರನ್ನೂ ಕ್ರಿಕೆಟ್ ಆಟದಲ್ಲಿ ಕೂಡಿಸಿದುವು. ಯುವಕರನ್ನು ಶಾಂತಿನಿರ್ಮಾಣದಲ್ಲಿ ಪಾಲುದಾರರೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2015ರ ಡಿಸೆಂಬರಿನಲ್ಲಿ 2250ನೆಯ ನಿರ್ಣಯದ ಮೂಲಕ ಅಂಗೀಕರಿಸಿತು. ನಿರ್ಣಯ ಒಳ್ಳೆಯದೇ, ಆದರೆ ಭಿವಂಡಿಯ ಗಲ್ಲಿಗೆ ಅದು ಹೊಸದಾಗಿ ಹೇಳಿದ್ದು ಏನೂ ಇಲ್ಲ.

ಉಳಿದಿರುವುದು ಅನ್ನದ ಪ್ರಶ್ನೆ. ಕೇರಿಯ ಜನರ ವಿಶ್ವಾಸ ಗಳಿಸಲು ವರ್ಷಗಳು ಹಿಡಿಯುತ್ತವೆ. ಆ ವರ್ಷಗಳಲ್ಲಿ ಇಪ್ಪತ್ತೈದರ ತರುಣನಾಗಲಿ ತರುಣಿಯಾಗಲಿ ಜೀವನೋಪಾಯವನ್ನು ಬಿಟ್ಟು ನಿಲ್ಲಲಾಗದು. ಗಾಂಧೀಜಿಯವರು ವೃತ್ತಿಯಲ್ಲಿರುವವರ ಬಿಡುವನ್ನು ನೆಚ್ಚಿದರು. ಈಗಿನ ಕೂಲಿಕಾರನಿಗೂ ದಿನಗೂಲಿಯ ಡೆಲಿವರಿ ಹುಡುಗನಿಗೂ ಆ ಬಿಡುವಿಲ್ಲ. ವಿನೋಬಾರ ಮಡಕೆ ತುಂಬಲಿಲ್ಲ. ಶಿಕಾಗೋದ ಸಂಬಳವು ಸರ್ಕಾರದ ಅನುದಾನ ನಿಂತಾಗ ಹಲವು ಸಲ ತಾನೂ ನಿಂತಿತು. ಜೌರಾದ ಆಶ್ರಮವು ಖಾದಿ ಮೊದಲಾದ ಉದ್ಯೋಗಗಳಿಂದ ಒಂದು ಮಟ್ಟಿಗೆ ದಾರಿ ಮಾಡಿಕೊಂಡಿತು. ಅಲ್ಲಿ ಸುಬ್ಬರಾಯರೊಡನೆ ಎಳೆಯ ವಯಸ್ಸಿನಲ್ಲಿ ದುಡಿದ ಪಿ. ವಿ. ರಾಜಗೋಪಾಲರು ಮುಂದೆ ಏಕತಾ ಪರಿಷತ್ತನ್ನು ಕಟ್ಟಿ, 2007ರಲ್ಲಿ ಇಪ್ಪತ್ತೈದು ಸಾವಿರ ಭೂಹೀನರೊಡನೆ ಗ್ವಾಲಿಯರಿನಿಂದ ದಿಲ್ಲಿಗೆ ಶಾಂತವಾಗಿ ನಡೆದರು. ಅಷ್ಟು ಜನರನ್ನು ಶಿಸ್ತಿನಲ್ಲಿ ನಡೆಸಿದವರು ಹಳ್ಳಿಗಳ ಶಿಬಿರಗಳಲ್ಲಿ ತರಬೇತಾದ ಯುವಕ ಯುವತಿಯರು. ಯಾತ್ರೆ ಮುಗಿದ ಮೇಲೆ ಅವರು ತಂತಮ್ಮ ಹಳ್ಳಿಗಳಿಗೆ ಮರಳಿದರು. ಅಲ್ಲಿ ಅವರಿಗೆ ಉಳಲು ಹೊಲವಿದ್ದರೆ ಮಾತ್ರ ಅವರು ಆ ಊರಿನಲ್ಲಿ ಉಳಿಯುತ್ತಾರೆ, ಇಲ್ಲವಾದರೆ ಮುಂದಿನ ಸುಗ್ಗಿಗೆ ಮೊದಲೇ ಸೂರತ್ತಿಗೋ ಪುಣೆಗೋ ಹೊರಡುವ ರೈಲು ಹತ್ತುತ್ತಾರೆ.