ನಿಜವಾಗ್ಲೂ ತೆರೀಬೇಕಾ?

ರಾತ್ರಿ ಎರಡೂವರೆ. ಸರ್ವರ್ ಏದುಸಿರು ಬಿಡ್ತಿತ್ತು. ಏನಾಗಿದೆ ನೋಡೋಣ ಅಂತ ಅದರ ಮೇಲೇ ಎಮ್ಯಾಕ್ಸ್ ಓಡಿಸಿ ಲಾಗ್ ಫೈಲ್ ತೆರೆಯಲು ಹೊರಟೆ. ಕೆಳಗಿನ ಸಾಲಿನಲ್ಲಿ ಪ್ರಶ್ನೆ ಬಂತು: ಫೈಲು ದೊಡ್ಡದಿದೆ, ನಿಜವಾಗ್ಲೂ ತೆರೀಬೇಕಾ? ಓದುವ ಮೊದಲೇ ಬೆರಳು ‘ವೈ’ ಒತ್ತಿಯಾಗಿತ್ತು. ಫೈಲು 6 ಜಿಬಿ. ಮೆಮೊರಿ ತುಂಬಿ ಸರ್ವರ್ ಪೂರ್ತಿ ಮಲಗಿತು. ಬೆಳಿಗ್ಗೆ ಮೀಟಿಂಗಿನಲ್ಲಿ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: “ಅದು ನಿನ್ನ ಕೇಳಿತ್ತಲ್ವಾ?”

ಕೇಳಿತ್ತು. ಆದರೆ ಈ ಕೇಳುವ ಪದ್ಧತಿಗೂ ಒಂದು ಚರಿತ್ರೆ ಇದೆ.

1969ರ ಸುಮಾರಿಗೆ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಬರೆದ ‘ಎಡ್’ ಫೈಲು ದೊಡ್ಡದೋ ಚಿಕ್ಕದೋ ಅಂತ ಕೇಳುತ್ತಲೇ ಇರಲಿಲ್ಲ. ಓದಿ ಮುಗಿಸಿ, ಎಷ್ಟು ಬೈಟು ಅಂತ ಒಂದು ಸಂಖ್ಯೆ ಉಗುಳಿ ಸುಮ್ಮನಾಗುತ್ತಿತ್ತು. ವಿಂಡೋಸ್ 95ರ ನೋಟ್‌ಪ್ಯಾಡ್ ನೆನಪಿದೆಯಾ? ಸುಮಾರು 64 ಕೆಬಿ ದಾಟಿದರೆ ಇದು ನನ್ನ ಕೈಲಾಗಲ್ಲ, ವರ್ಡ್‌ಪ್ಯಾಡಿನಲ್ಲಿ ತೆರೆಯಲಾ ಅಂತಿತ್ತು. ಆಗ ನಕ್ಕಿದ್ದೆವು. ಈಗ ಅನ್ನಿಸುತ್ತೆ, ಅದು ಮರ್ಯಾದಸ್ಥ ಪ್ರಶ್ನೆ. ಮಸಾಲೆ ದೋಸೆ ಖಾಲಿ ಸಾರ್, ಸೆಟ್ ದೋಸೆ ಇದೆ ಅನ್ನೋ ಸಪ್ಲೈಯರ್ ಥರ.

ಎಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಎಂಐಟಿಯಲ್ಲಿ. ಸ್ಟಾಲ್‌ಮನ್ ಅದನ್ನು ಹೊಸದಾಗಿ ಬರೆದು ಗ್ನೂ ಎಮ್ಯಾಕ್ಸ್ ಅಂತ ಹೊರಬಿಟ್ಟದ್ದು 1985ರಲ್ಲಿ. ಎಂಟು ಮೆಗಾಬೈಟು ತಿಂದೂ ಸದಾ ಸ್ವಾಪ್ ಮಾಡುತ್ತೆ ಅಂತ ಅದರ ಹೆಸರನ್ನೇ ಬಿಡಿಸಿ ಗೇಲಿ ಮಾಡುತ್ತಿದ್ದರು. ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳುವ ಎಡಿಟರಿಗೆ ಒಂದು ಗೇಟು ಬೇಕೇ ಬೇಕು. ಗೇಟನ್ನು ಇಟ್ಟಿದ್ದು 1 ಕೋಟಿ ಬೈಟಿಗೆ, ಅಂದರೆ 10 ಎಂಬಿಗೆ. ಲ್ಯಾಪ್‌ಟಾಪಿನಲ್ಲಿ 16 ಜಿಬಿ ಮೆಮೊರಿ ಬಂದ ಮೇಲೂ ಗೇಟು ಅಲ್ಲೇ ಇದೆ! ನಾನು ದಿನಾ ತೆರೆಯುವ 12 ಎಂಬಿ ಸಿಎಸ್‌ವಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತೆ, ಆದರೂ ಪ್ರಶ್ನೆ ಬರುತ್ತೆ. ತೋಳ ಬಂತು ತೋಳ ಅಂತ ದಿನಾ ಕೂಗಿದರೆ ಬೆರಳಿಗೆ ಏನು ಅಭ್ಯಾಸ ಆಗಬೇಕೋ ಅದೇ ಆಯ್ತು. 12 ಎಂಬಿಗೂ ಅದೇ ಒಂದು ಕೀಲಿ, 6 ಜಿಬಿಗೂ ಅದೇ.

ತಮಾಷೆ ಏನಂದ್ರೆ, ಅದೇ ಎಮ್ಯಾಕ್ಸಿನಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಇದೆ. ‘ಯೆಸ್’ ಅಂತ ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಗಂಭೀರ ಕೆಲಸಗಳಿಗೆ ಅದು. (ಅದನ್ನೂ ಒಂದೇ ಕೀಲಿಗೆ ಇಳಿಸಿಕೊಂಡ ಸೋಮಾರಿಗಳಲ್ಲಿ ನಾನೂ ಒಬ್ಬ.)

ಇನ್ನು, ಗಾತ್ರವನ್ನೇ ಕೇಳೋದು ಸರೀನಾ? ಒಂದೇ ಸಾಲಿನಲ್ಲಿ ತುಂಬಿರುವ 2 ಎಂಬಿ ಜೇಸನ್ ಗೇಟಿನಡಿ ಸದ್ದಿಲ್ಲದೆ ನುಸುಳಿ ಎಡಿಟರನ್ನು ಹಿಂಡಿಬಿಡುತ್ತಿತ್ತು. ಚಿಕ್ಕ ಸಾಲುಗಳ 50 ಎಂಬಿ ಲಾಗ್ ಹಾಯಾಗಿ ಓಡುತ್ತಿತ್ತು. 2020ರ ಆವೃತ್ತಿ 27ರಲ್ಲಿ ‘ಸೋ-ಲಾಂಗ್’ ಸೇರಿತು. ಅದನ್ನು ಚಾಲೂ ಮಾಡಿಟ್ಟರೆ ಉದ್ದ ಸಾಲು ಕಂಡಾಗ ಏನೂ ಕೇಳದೆ ಭಾರದ ಸವಲತ್ತುಗಳನ್ನು ತಾನೇ ಆರಿಸುತ್ತೆ. ದೊಡ್ಡ ಫೈಲಿನ ಪ್ರಶ್ನೆಗೂ ಮೂರನೇ ಉತ್ತರ ಬಂತು, ‘ಎಲ್’: ಬಣ್ಣ, ಅಲಂಕಾರ ಏನೂ ಬೇಡ, ಇದ್ದ ಹಾಗೇ ತೆರೆ.

ನಾನು ನನ್ನ ಗೇಟನ್ನು 200 ಎಂಬಿಗೆ ಸರಿಸಿದೆ. ಕಳೆದ ತಿಂಗಳು ಒಂದೇ ಸಲ ಕೇಳ್ತು. ಓದಿದೆ, ‘ಎನ್’ ಒತ್ತಿದೆ, ಆಮೇಲೆ ಆ ಫೈಲನ್ನು ‘ಲೆಸ್’ನಲ್ಲಿ ತೆರೆದೆ.