ಫೋಲ್ಡ್ (ಹ್ಯಾಸ್ಕೆಲ್)
ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಸೇರಿಸಿ ಒಂದೇ ಮೌಲ್ಯಕ್ಕೆ ತರುವ ಫಂಕ್ಷನ್. ಹ್ಯಾಸ್ಕೆಲ್ ಲೇಜಿ ಭಾಷೆ. ಬೇಕಾಗುವವರೆಗೆ ಯಾವ ಲೆಕ್ಕವನ್ನೂ ಮಾಡುವುದಿಲ್ಲ. ಹಾಗಾಗಿ ಎಡದಿಂದ ಸಾಗುವ ಫೋಲ್ಡ್‌ಎಲ್‌ಗೆ 1ರಿಂದ 3ರವರೆಗಿನ ಮೊತ್ತ ಕೇಳಿದರೆ, ಮೊದಲು ((0+1)+2)+3 ಎಂಬ ಬಾಕಿ ಲೆಕ್ಕವೇ ಬೆಳೆಯುತ್ತದೆ. ಅಂಶಗಳು ತೀರಾ ಹೆಚ್ಚಿದ್ದರೆ ಈ ಬಾಕಿ ಬಿಡಿಸುವಾಗ ಸ್ಟ್ಯಾಕ್ ಮಿತಿ ಮೀರಬಹುದು. ಕಂಪೈಲರ್‌ನ ಆಪ್ಟಿಮೈಸೇಶನ್ ಇದನ್ನು ಹಲವು ಸಲ ತಪ್ಪಿಸುತ್ತದೆ. ಆದರೂ ಕಲಿಕೆಯ ಉದಾಹರಣೆಗಳು ಅದನ್ನು ನೆಚ್ಚಿಕೊಳ್ಳಬಾರದು. ಕಲಿಯುವವರು ಅವನ್ನು ಆಪ್ಟಿಮೈಸೇಶನ್ ಇಲ್ಲದ ಇಂಟರ್‌ಪ್ರಿಟರ್ ಆದ ಜಿಎಚ್‌ಸಿಐನಲ್ಲೇ ಓಡಿಸುವುದು ಹೆಚ್ಚು. ಮೊತ್ತಕ್ಕೆ ಹೆಜ್ಜೆಹೆಜ್ಜೆಗೂ ಲೆಕ್ಕ ಮುಗಿಸುವ ಫೋಲ್ಡ್‌ಎಲ್-ಪ್ರೈಮ್ ಸರಿ. 2024ರ ಕಂಪೈಲರ್ ಆವೃತ್ತಿ ಜಿಎಚ್‌ಸಿ 9.10ರಿಂದ ಅದು ತಾನಾಗಿ ಆಮದಾಗುವ ಪ್ರೆಲ್ಯೂಡ್‌ನಲ್ಲೇ ಸಿಗುತ್ತದೆ. ಆದರೆ ಅದು ಬಿಡಿಸುವುದು ಹೊರಪದರವನ್ನಷ್ಟೇ: ಸರಾಸರಿಗಾಗಿ ಮೊತ್ತ, ಎಣಿಕೆಗಳನ್ನು ಜೋಡಿಯಾಗಿ ಒಯ್ದರೆ ಒಳಗಿನ ಬಾಕಿ ಬೆಳೆಯುತ್ತಲೇ ಇರುತ್ತದೆ, ಅವನ್ನೂ ಸ್ಟ್ರಿಕ್ಟ್ ಮಾಡಬೇಕು. ಫಲಿತಾಂಶ ಮತ್ತೊಂದು ಪಟ್ಟಿಯಾಗಿದ್ದರೆ ಬಲಕ್ಕೆ ಜೋಡಿಸುವ ಫೋಲ್ಡ್‌ಆರ್ ಲೇಸು. ಅದು ಅನಂತ ಪಟ್ಟಿಯಿಂದಲೂ ಕೇಳಿದಷ್ಟನ್ನು ಕೊಟ್ಟು ನಿಲ್ಲಬಲ್ಲದು.